ಆರು ತಂತಿ, ಹತ್ತು ಹಾಡು

ಸಂಗೀತಶಾಸ್ತ್ರದಲ್ಲಿ ‘ವಾಗ್ಗೇಯಕಾರ’ ಎಂಬ ಸೊಗಸಾದ ಮಾತೊಂದುಂಟು. 13ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ಸಾಹಿತ್ಯವನ್ನು ‘ಮಾತು’ ಎಂದೂ, ಅದರ ಸ್ವರರಚನೆಯನ್ನು ‘ಧಾತು’ ಎಂದೂ ಕರೆದು, ಈ ಎರಡನ್ನೂ ರಚಿಸಬಲ್ಲವನಿಗೆ ವಾಗ್ಗೇಯಕಾರನೆಂಬ ಹೆಸರನ್ನು ಕೊಟ್ಟನು. ಪುರಂದರದಾಸರು ಈ ಅರ್ಥದಲ್ಲಿ ಹಿರಿಯ ವಾಗ್ಗೇಯಕಾರರು. ಆಧುನಿಕ ಕನ್ನಡದ ಭಾವಗೀತೆಯಲ್ಲಿ ಮಾತ್ರ ಕೆಲಸ ಹಂಚಿಹೋಯಿತು. ಬೇಂದ್ರೆ, ಕುವೆಂಪು ಮೊದಲಾದವರು ಬರೆದರು, ಕಾಳಿಂಗರಾಯರು ಹಾಡಿದರು. ಪರರ ಕವಿತೆಯನ್ನು ಹಾಡುವವನ ಬಾಳಿನ ನೋವು ಆ ಕವಿತೆಯ ಮರೆಯಲ್ಲಿ ಅಡಗಿರಬಹುದು. ಮಾತು, ಧಾತು, ಕೊರಳು ಮೂರೂ ತನ್ನವೇ ಆದಾಗ ಅಂಥ ಮರೆಯಿಲ್ಲ. ಆಗ ಕಲೆಯ ಬೆಳವಣಿಗೆಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ತಿಳಿಯಬೇಕಾದರೆ ಕೆನಡಾದ ಜೋನಿ ಮಿಚೆಲ್ ಅವರ ಕಥೆಯನ್ನು ಕೇಳಬೇಕು.

1943ರ ನವೆಂಬರ್ 7ರಂದು ಆಲ್ಬರ್ಟಾ ಪ್ರಾಂತದ ಫೋರ್ಟ್ ಮೆಕ್‌ಲಿಯಡ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದ ಈಕೆ ಬೆಳೆದದ್ದು ಸಸ್ಕಾಚೆವಾನ್ ಪ್ರಾಂತದ ವಿಶಾಲವಾದ ಬಯಲುಸೀಮೆಯಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿತು. ಕಾಯಿಲೆ ವಾಸಿಯಾದರೂ ಎಡಗೈಗೆ ಮೊದಲಿನ ಬಲ ಬರಲಿಲ್ಲ. ಗಿಟಾರ್ ಕಲಿಯಲು ಹೊರಟವರಿಗೆ ಇದು ಸಣ್ಣ ಕೊರತೆಯಲ್ಲ. ರೂಢಿಯ ಶ್ರುತಿಯಲ್ಲಿ ನುಡಿಸುವಾಗ ಎಡಗೈಯ ಬೆರಳುಗಳು ಆರು ತಂತಿಗಳ ಮೇಲೆ ಬಗೆಬಗೆಯಾಗಿ ಒತ್ತಿ ಹಿಡಿಯುತ್ತಲೇ ಇರಬೇಕು. ಮಿಚೆಲ್ ಬೆರಳುಗಳನ್ನು ತಂತಿಗೆ ಒಗ್ಗಿಸಲು ಹೆಣಗಲಿಲ್ಲ. ತಂತಿಗಳನ್ನೇ ಬೆರಳಿಗೆ ಒಗ್ಗಿಸಿಕೊಂಡರು. ಜಾನಪದ ಗಾಯಕರು ಬಲ್ಲ ಉಪಾಯವೊಂದನ್ನು ಹಿಡಿದು, ತಂತಿಗಳನ್ನು ಬಿಗಿದು ಸಡಿಲಿಸಿ, ಬರಿಯ ತಂತಿಯನ್ನು ಮೀಟಿದರೂ ಸ್ವರಮೇಳ ಹೊರಡುವಂತೆ ಮಾಡಿಕೊಂಡರು. ಜೀವಮಾನದಲ್ಲಿ ಇಂಥ ಐವತ್ತಕ್ಕೂ ಹೆಚ್ಚು ಶ್ರುತಿಗಳನ್ನು ಆಕೆ ಬಳಸಿದರು. ಇತರರ ಗಿಟಾರಿನಲ್ಲಿ ಕೇಳದ ಸ್ವರಗಳು ಆಕೆಯ ಗಿಟಾರಿನಲ್ಲಿ ಕೇಳಿಬಂದವು. ಊನವೇ ಶೈಲಿಯಾಯಿತು.

ಕೀರ್ತಿ ಮೊದಲು ಬಂದದ್ದು ಪರರ ಕಂಠದ ಮೂಲಕ. ವಿಮಾನದಲ್ಲಿ ಕುಳಿತು ಸಾಲ್ ಬೆಲ್ಲೋ ಅವರ ಕಾದಂಬರಿಯೊಂದನ್ನು ಓದುತ್ತಿದ್ದಾಗ, ಅದರ ನಾಯಕನೂ ವಿಮಾನದಿಂದ ಮೋಡಗಳನ್ನು ಕೆಳಗೆ ನೋಡುವ ಪ್ರಸಂಗ ಎದುರಾಯಿತು. ಅದರಿಂದ ಹುಟ್ಟಿದ ಹಾಡು ‘ಬೋತ್ ಸೈಡ್ಸ್ ನೌ’. ಮೋಡ, ಪ್ರೇಮ, ಬಾಳು, ಇವುಗಳ ಎರಡು ಮುಖಗಳನ್ನು ಕಂಡೂ ಏನನ್ನೂ ಅರಿಯದ ಅಚ್ಚರಿ ಅದರ ವಸ್ತು. ಜೂಡಿ ಕಾಲಿನ್ಸ್ 1967ರಲ್ಲಿ ಅದನ್ನು ಹಾಡಿ ಜನಪ್ರಿಯಗೊಳಿಸಿದರು. ಮಿಚೆಲ್ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1968ರಲ್ಲಿ. 1969ರ ‘ಕ್ಲೌಡ್ಸ್’ ಎಂಬ ಎರಡನೆಯದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು. 1970ರ ‘ಲೇಡೀಸ್ ಆಫ್ ದಿ ಕ್ಯಾನ್ಯನ್’ ಆಕೆಯನ್ನು ಮನೆಮಾತಾಗಿಸಿತು. ಹೊಂಬಣ್ಣದ ನೀಳಕೂದಲು, ತಿಳಿಯಾದ ತಾರಕಂಠ, ಕೈಯಲ್ಲೊಂದು ಗಿಟಾರ್: ಈ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಕಲಾವಿದರಿಗೆ ಕಷ್ಟ ಆರಂಭವಾಗುವುದು ಇಲ್ಲಿಯೇ. ಜನ ಮೆಚ್ಚಿದ ಚಿತ್ರವನ್ನೇ ಮತ್ತೆ ಮತ್ತೆ ಬರೆದುಕೊಟ್ಟರೆ ಬದುಕು ಸುಗಮ. ಮಿಚೆಲ್ ಆ ಸುಗಮವಾದ ದಾರಿಯನ್ನು ಹಿಡಿಯಲಿಲ್ಲ. 1970ರಲ್ಲಿ ಕಚೇರಿಗಳನ್ನು ನಿಲ್ಲಿಸಿ ಯೂರೋಪಿಗೆ ಹೊರಟರು. ಗ್ರೀಸಿನ ಕ್ರೀಟ್ ದ್ವೀಪದ ಮಟಾಲಾ ಎಂಬ ಹಳ್ಳಿಯಲ್ಲಿ, ಕಡಲಂಚಿನ ಬಂಡೆಗಳ ಗುಹೆಗಳಲ್ಲಿ ವಾಸಿಸುತ್ತಿದ್ದ ತರುಣರ ನಡುವೆ ಕೆಲಕಾಲ ಇದ್ದರು. ಜೊತೆಗೆ ಕೊಂಡೊಯ್ದದ್ದು ಅಮೆರಿಕದ ಗುಡ್ಡಗಾಡಿನ ಜನ ತೊಡೆಯ ಮೇಲಿಟ್ಟು ಮೀಟುವ ಡಲ್ಸಿಮರ್ ಎಂಬ ಹಗುರವಾದ ತಂತಿವಾದ್ಯವನ್ನು.

ಆ ಅಲೆದಾಟದ ಫಲ 1971ರ ಜೂನ್ ತಿಂಗಳಲ್ಲಿ ಪ್ರಕಟವಾದ ‘ಬ್ಲೂ’. ಬ್ಲೂ ಎಂದರೆ ನೀಲಿ; ಇಂಗ್ಲಿಷಿನಲ್ಲಿ ಆ ಬಣ್ಣಕ್ಕೆ ದುಃಖವೆಂಬ ಅರ್ಥವೂ ಉಂಟು. ಹಾಡುಗಳು ಹತ್ತೇ, ಎಲ್ಲವನ್ನೂ ಕೇಳಲು ಮುಕ್ಕಾಲು ಗಂಟೆಯೂ ಬೇಡ. ಕೀರ್ತಿ ಬೆಳೆದಂತೆ ವಾದ್ಯಗಳ ಸಂಖ್ಯೆಯೂ ಬೆಳೆಯುವುದು ಲೋಕರೂಢಿ. ಇಲ್ಲಿ ಆದದ್ದು ಅದಕ್ಕೆ ವಿರುದ್ಧ. ಗಿಟಾರ್, ಪಿಯಾನೊ, ನಾಲ್ಕು ಹಾಡುಗಳಲ್ಲಿ ಡಲ್ಸಿಮರ್, ಅಲ್ಲಲ್ಲಿ ಒಬ್ಬಿಬ್ಬರು ಗೆಳೆಯರ ಸಹಕಾರ, ಇಷ್ಟೇ ಸಾಮಗ್ರಿ. ಮೊದಲಿನ ಹಾಡುಗಳಲ್ಲಿದ್ದ ಉಪಮೆಗಳ ಒಡವೆ ಕಡಮೆಯಾಯಿತು. ಎದುರಿಗಿರುವವರೊಡನೆ ಆಡುವ ಮಾತಿನ ಸಹಜತೆ ಬಂದಿತು. ‘ರಿವರ್’ ಎಂಬ ಹಾಡನ್ನು ನೋಡಬಹುದು. ಕ್ರಿಸ್ಮಸ್ ಹಬ್ಬದ ಸಡಗರದ ನಡುವೆ ಒಂಟಿಯಾದವಳ ಸಂಕಟ ಅಲ್ಲಿಯ ವಸ್ತು. ಪಾಶ್ಚಾತ್ಯರ ಮಕ್ಕಳೆಲ್ಲರೂ ಬಲ್ಲ ‘ಜಿಂಗಲ್ ಬೆಲ್ಸ್’ ಧಾಟಿಯೇ ಪಿಯಾನೊದಲ್ಲಿ ಮಂಕಾಗಿ, ವಿಷಣ್ಣವಾಗಿ ಸುಳಿಯುತ್ತದೆ. ಹಬ್ಬ ಅದೇ, ರಾಗ ಅದೇ, ಕೇಳುವ ಮನಸ್ಸು ಮಾತ್ರ ಬೇರೆ ಎಂಬುದನ್ನು ಮಾತಿಗಿಂತ ಮೊದಲು ಧಾತುವೇ ಹೇಳಿಬಿಡುತ್ತದೆ. ಪ್ರಕಟಣೆಗೆ ಕೆಲವೇ ತಿಂಗಳು ಉಳಿದಿದ್ದಾಗ ಎರಡು ಹಾಡುಗಳನ್ನು ತೆಗೆದುಹಾಕಿ, ಹೊಸದಾಗಿ ಬರೆದ ಎರಡನ್ನು ಸೇರಿಸಿದರು. ಮುದ್ರಿಕೆಯ ಮೊದಲ ಹಾಡೂ ಕೊನೆಯ ಹಾಡೂ ಹೀಗೆ ಬಂದವು.

ಇವುಗಳ ನಡುವೆ ‘ಲಿಟ್ಲ್ ಗ್ರೀನ್’ ಎಂಬ ಪುಟ್ಟ ಹಾಡೊಂದಿದೆ. 1965ರಲ್ಲಿ, ಇನ್ನೂ 21ರ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದ ಅವಿವಾಹಿತ ತರುಣಿಯಾಗಿದ್ದಾಗ ಮಿಚೆಲ್ ಹೆಣ್ಣುಮಗುವೊಂದನ್ನು ಹೆತ್ತರು. ಸಾಕಲಾರದೆ ದತ್ತು ಕೊಟ್ಟರು. ಆ ಸಂಗತಿಯನ್ನು ಲೋಕದಿಂದ ಮುಚ್ಚಿಟ್ಟರು, ಹಾಡಿನಿಂದ ಮುಚ್ಚಿಡಲಾಗಲಿಲ್ಲ. ಅದು ತಾಯಿ ಮಗುವಿಗೆ ಬರೆದ ಬೀಳ್ಕೊಡುಗೆ ಎಂದು ಅಂದಿನ ಕೇಳುಗರಿಗೆ ತಿಳಿಯಲಿಲ್ಲ. ಹೆಸರಾಂತ ಪತ್ರಿಕೆಯೊಂದರ ವಿಮರ್ಶಕ ಅದನ್ನು ಅರ್ಥಕ್ಕೆ ಎಟುಕದ ರಚನೆಯೆಂದು ಆಕ್ಷೇಪಿಸಿದ. 1997ರಲ್ಲಿ ತಾಯಿ ಮಗಳು ಮತ್ತೆ ಒಬ್ಬರನ್ನೊಬ್ಬರು ಕಂಡ ಮೇಲೆ, ಆ ಹಾಡಿನ ಒಂದೊಂದು ಪದವೂ ಬೆಳಕಿಗೆ ಹಿಡಿದಂತೆ ಸ್ಪಷ್ಟವಾಯಿತು.

‘ಬ್ಲೂ’ ಕೇಳಿದ ಸಹಕಲಾವಿದರೊಬ್ಬರು ಗಾಬರಿಗೊಂಡು, ನಿನಗಾಗಿಯೂ ಏನನ್ನಾದರೂ ಉಳಿಸಿಕೊ ಎಂಬರ್ಥದ ಮಾತು ಹೇಳಿದರಂತೆ. ಆ ಕಳವಳ ಅಕಾರಣವಲ್ಲ. ಗುಟ್ಟನ್ನು ಹೊರಹಾಕಿದ ಮಾತ್ರಕ್ಕೆ ಕಲೆಯಾಗುವುದಿಲ್ಲ, ಅತ್ತವರೆಲ್ಲ ಕವಿಗಳಲ್ಲ. ಮಿಚೆಲ್ ಅವರ ಹಾಡು ನಿಂತದ್ದು ಅಳುವಿನ ಬಲದಿಂದಲ್ಲ. ತಕ್ಕ ಶ್ರುತಿ, ತಕ್ಕ ಪದ ಸಿಗುವವರೆಗೂ ಬಿಡದೆ ಹುಡುಕಿದ ಶ್ರಮದಿಂದ. ನೋವನ್ನು ತೆರೆದಿಟ್ಟ ಧೈರ್ಯಕ್ಕೆ ಕೆಲಸಗಾರಿಕೆಯ ಸಂಯಮ ಕೂಡಿದ್ದರಿಂದಲೇ ಆಕೆಯ ಖಾಸಗಿ ದುಃಖ ಲಕ್ಷಾಂತರ ಜನರ ದುಃಖವಾಗಬಲ್ಲದ್ದಾಯಿತು.

ಬೆಳವಣಿಗೆ ಅಲ್ಲಿಗೂ ನಿಲ್ಲಲಿಲ್ಲ. ‘ಬ್ಲೂ’ವಿನ ಏಕಾಂತವನ್ನೇ ಪುನಃ ಪುನಃ ಮಾರಬಹುದಾಗಿತ್ತು. ಆದರೆ 1974ರ ‘ಕೋರ್ಟ್ ಆ್ಯಂಡ್ ಸ್ಪಾರ್ಕ್’ ಮುದ್ರಿಕೆಗೆ ಆಕೆ ಜಾಝ್ ವಾದಕರನ್ನು ಕರೆತಂದರು. ಅದು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ವರ್ಷ ಹೊರಬಂದ ಕಚೇರಿಯ ಮುದ್ರಿಕೆಯಲ್ಲಿ, ಹಳೆಯ ಹಾಡನ್ನು ಕೇಳುವ ಸಭಿಕರಿಗೆ ಆಕೆ ನಗುತ್ತ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ಬರೆದ ಚಿತ್ರವನ್ನೇ ಇನ್ನೊಮ್ಮೆ ಬರೆಯೆಂದು ವ್ಯಾನ್ ಗೋಗ್‌ಗೆ ಯಾರೂ ಹೇಳಲಿಲ್ಲವಲ್ಲ ಎಂಬುದು ಅದರ ತಾತ್ಪರ್ಯ. ಸ್ವತಃ ಚಿತ್ರಕಾರರೂ ಆಗಿರುವ ಆಕೆಯ ಬಾಯಲ್ಲಿ ಈ ಮಾತು ಒಪ್ಪುವಂಥದು. 1976ರ ‘ಹೆಜೀರಾ’, 1979ರ ‘ಮಿಂಗಸ್’ ಮುದ್ರಿಕೆಗಳಲ್ಲಿ ಆಕೆ ಇನ್ನೂ ದೂರ ಸಾಗಿದಂತೆ ಹಳೆಯ ಕೇಳುಗರಲ್ಲಿ ಅನೇಕರು ಹಿಂದುಳಿದರು. ಆ ನಷ್ಟವನ್ನೂ ಆಕೆ ಒಪ್ಪಿಕೊಂಡರು.

2000ದಲ್ಲಿ, 56ರ ವಯಸ್ಸಿನಲ್ಲಿ, ಮಿಚೆಲ್ ಆ ಮೋಡಗಳ ಹಾಡನ್ನು ದೊಡ್ಡ ವಾದ್ಯವೃಂದದೊಡನೆ ಮತ್ತೊಮ್ಮೆ ಮುದ್ರಿಸಿದರು. ತಾರದ ತಿಳಿಕಂಠ ಹೋಗಿ, ಧೂಮಪಾನದಿಂದಲೂ ವಯಸ್ಸಿನಿಂದಲೂ ಒರಟಾದ ಮಂದ್ರಕಂಠ ಉಳಿದಿತ್ತು. ತರುಣಿಯ ಬಾಯಲ್ಲಿ ಜಾಣತನದ ಊಹೆಯಾಗಿದ್ದ ಮಾತು ಇಲ್ಲಿ ಬಾಳಿನ ಸಾಕ್ಷ್ಯವಾಗಿ ಕೇಳುತ್ತದೆ. 2015ರಲ್ಲಿ ಮಿದುಳಿನ ರಕ್ತನಾಳದ ವ್ಯಾಧಿ ನಡಿಗೆಯನ್ನೂ ನುಡಿಯನ್ನೂ ಕಸಿದುಕೊಂಡಾಗ ಆಕೆ ಎರಡನ್ನೂ ಮೊದಲಿನಿಂದ ಕಲಿಯಬೇಕಾಯಿತು. 2022ರ ಜುಲೈಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯ ಮೇಲೆ ಕುಳಿತು, 78ರ ವಯಸ್ಸಿನಲ್ಲಿ, ಅದೇ ಹಾಡನ್ನು ಹಾಡಿದರು. ಪಕ್ಕದಲ್ಲಿದ್ದ ಕಿರಿಯ ಕಲಾವಿದರು ಕಣ್ಣೊರೆಸಿಕೊಂಡರು.

ಸಾಹಿತ್ಯದಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಬೆಳೆದದ್ದು ಹಾಡಿದವರ ಬಾಳು. ಓದುಗರ ಮನೆಯಲ್ಲಿ ಸೌಕರ್ಯವಿದ್ದರೆ 1969ರ ಮುದ್ರಿಕೆಯನ್ನೂ 2000ದ ಮುದ್ರಿಕೆಯನ್ನೂ ಒಂದೇ ಸಂಜೆ ಒಂದಾದ ಮೇಲೊಂದರಂತೆ ಕೇಳುವುದು ಒಳ್ಳೆಯದು. ಮಕ್ಕಳಿಗೆ ಬಹುಶಃ ಮೊದಲನೆಯದು ಹಿಡಿಸೀತು, ಹಿರಿಯರಿಗೆ ಎರಡನೆಯದು.