ನೆಲವೇ ಡೊಂಕಾಗಿದ್ದರೆ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ತನ್ನ ಅಶಕ್ತಿಯನ್ನು ಒಪ್ಪಿಕೊಳ್ಳಲೊಲ್ಲದೆ ನೆವ ಹುಡುಕುವವರನ್ನು ಹಾಸ್ಯಮಾಡಲು ಹುಟ್ಟಿದ ಗಾದೆಯಿದು. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಆಗ ಕುಣಿಯುವವಳನ್ನು ದೂರಿ ಫಲವೇನು? ಅಮೆರಿಕದ ಪಿಟ್ಸ್‌ಬರ್ಗ್ ನಗರದ ವಿಶ್ವವಿದ್ಯಾನಿಲಯವೊಂದು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವು ಮಕ್ಕಳನ್ನು ಓದಿಸುವ ಸಕಲರೂ ಮನನಮಾಡತಕ್ಕದ್ದಾಗಿದೆ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಜ್ಞಾನಶಾಲೆಯು ಲೋಕದಲ್ಲಿಯೇ ಅಗ್ರಪಂಕ್ತಿಗೆ ಸೇರಿದುದು. 1995ರಲ್ಲಿ ಅಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಲ್ಲಿ ತರುಣಿಯರು ನೂರಕ್ಕೆ 7 ಮಂದಿ ಮಾತ್ರ. ಬಂದ ಆ ಕೆಲವರಲ್ಲಿಯೂ ನಡುವೆಯೇ ಬಿಟ್ಟುಹೋಗುವವರ ಪ್ರಮಾಣ ತರುಣರಿಗಿಂತ ಅಧಿಕವಾಗಿತ್ತು. ಇದಕ್ಕೆ ಕಾರಣ ಹೇಳುವುದು ಅನೇಕರಿಗೆ ಬಹು ಸುಲಭವಾಗಿ ತೋರಿತು: ಯಂತ್ರದ ಮೋಹ ಗಂಡಸಿನದು, ಹೆಂಗಸಿನ ಒಲವೇ ಬೇರೆ, ಹುಟ್ಟುಗುಣ ಸುಟ್ಟರೂ ಹೋಗದು!

ಆದರೆ ಚರಿತ್ರೆಯು ಈ ಮಾತಿಗೆ ಸಾಕ್ಷಿ ನುಡಿಯುವುದಿಲ್ಲ. 1946ರಲ್ಲಿ ಲೋಕವನ್ನು ಬೆರಗುಗೊಳಿಸಿದ ಎನಿಯಾಕ್ ಎಂಬ ಮಹಾಯಂತ್ರಕ್ಕೆ ಲೆಕ್ಕದ ಕ್ರಮವನ್ನು ಹೂಡಿಕೊಟ್ಟವರು ಆರು ಮಂದಿ ಸ್ತ್ರೀಯರು. ಮನುಷ್ಯನು ಬರೆದುದನ್ನು ಯಂತ್ರದ ಸಂಜ್ಞೆಗಳಿಗೆ ತಿರುಗಿಸುವ ಕಂಪೈಲರ್ ಎಂಬ ಸಾಧನವನ್ನು 1952ರ ಹೊತ್ತಿಗೆ ರಚಿಸಿದವಳು ಗ್ರೇಸ್ ಹಾಪರ್. 1984ರ ವೇಳೆಗೆ ಅಮೆರಿಕದಲ್ಲಿ ಈ ಶಾಸ್ತ್ರದ ಪದವಿ ಪಡೆದವರಲ್ಲಿ ನೂರಕ್ಕೆ 37 ಮಂದಿ ಸ್ತ್ರೀಯರಿದ್ದರು. ಮುಂದಿನ ಒಂದು ತಲೆಮಾರಿನಲ್ಲಿ ಆ ಸಂಖ್ಯೆ 20ಕ್ಕಿಂತ ಕೆಳಗಿಳಿಯಿತು. ಹುಟ್ಟುಗುಣವೆಂಬುದು ಇಷ್ಟು ಅಲ್ಪಕಾಲದಲ್ಲಿ ಬದಲಾಗಬಲ್ಲುದೆ?

ಬದಲಾದುದು ಮನೆಯ ವಾತಾವರಣ. 1980ರ ದಶಕದಲ್ಲಿ ಚಿಕ್ಕ ಕಂಪ್ಯೂಟರು ಮನೆಯೊಳಗೆ ಕಾಲಿಟ್ಟಿತು. ಹುಡುಗರ ಆಟದ ಸಾಮಾನೆಂಬಂತೆ ಅದರ ಜಾಹೀರಾತುಗಳು ಸಾರಿದವು. ಸಮಾಜಶಾಸ್ತ್ರಜ್ಞೆ ಜೇನ್ ಮಾರ್ಗೋಲಿಸ್ ಮತ್ತು ಕಂಪ್ಯೂಟರ್ ಅಧ್ಯಾಪಕ ಆಲನ್ ಫಿಶರ್ ಇಬ್ಬರೂ 1995ರಿಂದ ನಾಲ್ಕು ವರ್ಷ ಕಾರ್ನೆಗಿ ಮೆಲನ್ನಿನ ನೂರಕ್ಕೂ ಹೆಚ್ಚು ವಿದ್ಯಾರ್ಥಿ ವಿದ್ಯಾರ್ಥಿನಿಯರೊಡನೆ ಮತ್ತೆ ಮತ್ತೆ ಮಾತನಾಡಿ ನೋಡಿದಾಗ ಇದರ ಪರಿಣಾಮ ಸ್ಪಷ್ಟವಾಯಿತು. ಎಷ್ಟೋ ಮನೆಗಳಲ್ಲಿ ಯಂತ್ರವಿದ್ದುದು ಮಗನ ಕೋಣೆಯಲ್ಲಿ. ತಂದೆ ಮಗ ಕೂಡಿ ಅದನ್ನು ಬಿಚ್ಚಿ ಜೋಡಿಸುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೀಗೆ ಒಬ್ಬನು ಹತ್ತು ವರ್ಷದ ಬಳಕೆಯೊಡನೆ ತರಗತಿಗೆ ಬಂದರೆ, ಇನ್ನೊಬ್ಬಳು ಬರಿಯ ಬುದ್ಧಿಶಕ್ತಿಯೊಡನೆ ಬರುತ್ತಿದ್ದಳು. ಆತನ ಅಭ್ಯಾಸವನ್ನು ಆಕೆ ಪ್ರತಿಭೆಯೆಂದು ಭ್ರಮಿಸಿದಳು. ಹಗಲಿರುಳೂ ಯಂತ್ರದ ಮುಂದೆ ಕುಳಿತು ಕನಸಿನಲ್ಲಿಯೂ ಅದನ್ನೇ ಕಾಣುವವನೇ ನಿಜವಾದ ವಿದ್ಯಾರ್ಥಿ ಎಂಬ ನಂಬಿಕೆ ಅಲ್ಲಿ ಬೇರೂರಿತ್ತು. ತಾನು ಹಾಗಿಲ್ಲವಾದುದರಿಂದ ತನಗಿದು ಸಲ್ಲದೆಂದು ಆಕೆ ತೀರ್ಮಾನಿಸಿದಳು. ಮೊದಲು ಕುಂದುತ್ತಿದ್ದುದು ಆತ್ಮವಿಶ್ವಾಸ. ಆಸಕ್ತಿ ಬತ್ತಿದುದು ಅನಂತರ. ಹೊರಗಿನವರ ಕಣ್ಣಿಗೆ ಬೀಳುತ್ತಿದ್ದುದು ಎರಡನೆಯದು ಮಾತ್ರ. 'ಅವಳಿಗೆ ಇಷ್ಟವಿಲ್ಲ' ಎಂದು ಅವರು ಸುಮ್ಮನಾಗುತ್ತಿದ್ದರು.

ರೋಗದ ಮೂಲ ತಿಳಿದ ಮೇಲೆ ಚಿಕಿತ್ಸೆ ಕಷ್ಟವಾಗಲಿಲ್ಲ. ಆ ಕಾಲದಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದವರು ಆಂಧ್ರದಲ್ಲಿ ಹುಟ್ಟಿ ಬೆಳೆದ ರಾಜ್ ರೆಡ್ಡಿಯವರು. ಮೊದಲೇ ಯಂತ್ರದ ಬಳಕೆಯುಳ್ಳವರಿಗೆ ಪ್ರವೇಶದಲ್ಲಿ ಸಲ್ಲುತ್ತಿದ್ದ ಹೆಚ್ಚಿನ ಮನ್ನಣೆಯನ್ನು ಕೈಬಿಡಲಾಯಿತು. ಏಕೆಂದರೆ ಆ ಬಳಕೆಗೂ ಕೊನೆಯ ಯಶಸ್ಸಿಗೂ ಸಂಬಂಧ ಕಾಣಲಿಲ್ಲ. ಅನುಭವಿಗಳಿಗೂ ಹೊಸಬರಿಗೂ ಆರಂಭದ ಪಾಠಗಳು ಬೇರೆ ಬೇರೆಯಾದವು. ಪ್ರೌಢಶಾಲೆಗಳ ಉಪಾಧ್ಯಾಯರಿಗೆ ಬೇಸಗೆಯ ಶಿಬಿರಗಳು ನಡೆದವು. 2000ದ ಹೊತ್ತಿಗೆ ಹೊಸದಾಗಿ ಸೇರಿದವರಲ್ಲಿ ತರುಣಿಯರು ನೂರಕ್ಕೆ 42 ಮಂದಿಯಾದರು. ಹುಡುಗಿಯರಿಗೆಂದು ಪಾಠವನ್ನು ಸಡಿಲಗೊಳಿಸಿರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯು ಮುಂದೆ ಕಂಡುಬಂದಿತು. ಸ್ತ್ರೀಪುರುಷರ ಸಂಖ್ಯೆ ಸಮೀಪಕ್ಕೆ ಬಂದಂತೆ ಅವರ ಮನೋಭಾವಗಳೂ ಸಮೀಪಕ್ಕೆ ಬಂದವೆಂದು ಅಲ್ಲಿಯೇ ಅಧ್ಯಯನಮಾಡಿದ ಲೆನೋರ್ ಬ್ಲಮ್ ಮತ್ತು ಕ್ಯಾರಲ್ ಫ್ರೀಜ್ ತೋರಿಸಿದರು. ಹೆಣ್ಣಿನ ಸ್ವಭಾವವೆಂದು ಭಾವಿಸಿದ್ದುದರಲ್ಲಿ ಬಹುಭಾಗವು ಒಂಟಿತನದ ಸ್ವಭಾವವಾಗಿತ್ತು! ನೂರು ಜನರ ನಡುವೆ ಏಳೇ ಮಂದಿಯಾಗಿ ಕುಳಿತವರು ಗಂಡಸರೇ ಆಗಿದ್ದರೂ ಹಾಗೆಯೇ ಮುದುಡುತ್ತಿರಲಿಲ್ಲವೆ?

ಕೋಣೆಯ ಅಲಂಕಾರವೂ ಮನಸ್ಸನ್ನು ತಿದ್ದಬಲ್ಲುದೆಂದರೆ ನಂಬುವುದು ಕಷ್ಟ. ಸಪ್ನಾ ಚೆರ್ಯನ್ ಎಂಬ ಮನಶ್ಶಾಸ್ತ್ರಜ್ಞೆಯೂ ಆಕೆಯ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸಿತು. ಒಂದು ಕೋಣೆಯಲ್ಲಿ ಆಕಾಶಯಾನದ ಸಾಹಸಕಥೆಯ ಭಿತ್ತಿಚಿತ್ರ, ವಿಡಿಯೋ ಆಟದ ಸಾಮಗ್ರಿ. ಇನ್ನೊಂದರಲ್ಲಿ ನಿಸರ್ಗದ ಚಿತ್ರ, ನೀರಿನ ಬಾಟಲಿ. ಎರಡನೆಯ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿನಿಯರು ಕಂಪ್ಯೂಟರ್ ಶಾಸ್ತ್ರದಲ್ಲಿ ಹೆಚ್ಚಿನ ಒಲವು ತೋರಿದರು. ಪಾಠದ ಒಂದು ಅಕ್ಷರವೂ ಅಲ್ಲಿ ಬದಲಾಗಿರಲಿಲ್ಲ. 'ಇದು ನನ್ನ ಜಾಗವೇ?' ಎಂಬ ಪ್ರಶ್ನೆಗೆ ಗೋಡೆಗಳು ಕೊಟ್ಟ ಉತ್ತರ ಮಾತ್ರ ಬದಲಾಗಿತ್ತು.

ಏಷ್ಯಾದ ಕಡೆ ಕಣ್ಣು ಹಾಯಿಸಿದರೆ ಹುಟ್ಟುಗುಣದ ವಾದವು ಪೂರ್ಣವಾಗಿ ಕುಸಿಯುತ್ತದೆ. ಮಲೇಷಿಯಾದ ವಿಶ್ವವಿದ್ಯಾನಿಲಯದಲ್ಲಿ ನಾರ್ವೆಯ ವಿದುಷಿ ವಿವಿಯನ್ ಲಾಗೆಸೆನ್ ಕಂಡ ಕಂಪ್ಯೂಟರ್ ತರಗತಿಗಳಲ್ಲಿ ಸ್ತ್ರೀಯರೇ ಬಹುಸಂಖ್ಯಾತರು. ಇದು ಸೂರಿನಡಿಯ ಕೆಲಸ, ಆದುದರಿಂದ ಹೆಂಗಸರಿಗೆ ಯೋಗ್ಯ ಎಂಬುದು ಅಲ್ಲಿಯ ಭಾವನೆ. ಭಾರತದ ವಿದ್ಯಾರ್ಥಿನಿಯರನ್ನು ಕುರಿತು ರೋಲಿ ವರ್ಮಾ ನಡೆಸಿದ ಅಧ್ಯಯನಗಳಲ್ಲಿಯೂ ಇಂತಹುದೇ ಉತ್ತರಗಳು ದೊರೆತವು. ಗೌರವದ ಉದ್ಯೋಗ, ಒಳ್ಳೆಯ ಸಂಬಳ, ಬಿಸಿಲು ಧೂಳಿಲ್ಲದ ಕಚೇರಿ. ಹೆತ್ತವರ ಒಪ್ಪಿಗೆಗೆ ಇನ್ನೇನು ಬೇಕು?

ಆದರೆ ಹಿಗ್ಗುವ ಮುನ್ನ ಒಂದು ಮಾತು. 'ಹೆಣ್ಣಿಗೆ ತಕ್ಕ ಕೆಲಸ' ಎಂಬ ನುಡಿಯು ಇಂದು ಬಾಗಿಲು ತೆರೆದಿದೆ. ನಾಳೆ ಅದೇ ನುಡಿಯು ಬಾಗಿಲಿಗೆ ಅಗುಳಿ ಹಾಕಬಹುದು. ರಾತ್ರಿಯ ಪಾಳಿ, ದೂರದೂರಿನ ಬಡ್ತಿ, ಮೇಲಧಿಕಾರದ ಹೊಣೆ ಬಂದಾಗ 'ಇದು ತಕ್ಕುದಲ್ಲ' ಎಂದು ಹಿರಿಯರು ತಲೆಯಾಡಿಸಿದರೆ, ಆ ನಾಲ್ಕು ವರ್ಷಗಳ ವಿದ್ಯೆಯು ಮದುವೆಯ ಮಾತುಕತೆಯಲ್ಲಿ ಹೇಳಿಕೊಳ್ಳುವ ಒಂದು ಅಲಂಕಾರವಾಗಿ ಉಳಿದೀತು. ಯಾವುದು ತಕ್ಕುದೆಂಬ ತೀರ್ಪನ್ನು ಕಲಿತವಳೇ ಕೊಡಬೇಕು. ಅದಕ್ಕೆ ಬೇಕಾದ ಧೈರ್ಯವು ಕಾಲೇಜಿನಲ್ಲಿ ಹಠಾತ್ತನೆ ಬರುವುದಲ್ಲ. ಮನೆಯಲ್ಲಿರುವ ಒಂದೇ ಯಂತ್ರದ ಮುಂದೆ ಎಂಟು ವರ್ಷದ ಮಗಳನ್ನು ಕೂರಿಸಿ, ಅದು ಕೆಟ್ಟರೆ ಕೆಡಲಿ ಎಂದು ತಂದೆತಾಯಿಗಳು ಬಿಟ್ಟ ದಿನ ಅದು ಮೊಳೆಯುತ್ತದೆ.