ಬಣ್ಣ ಆಮೇಲೆ

ಹಳೆಯ ರೇಸ್ ಸೈಕಲ್ಲಿಗೆ ಹೊಸ ಬಣ್ಣ ಬಳಿಸಿ, ಆಯುಧಪೂಜೆಯ ದಿನ ಹಾರ ಹಾಕಿ, ಮಗಳ ಕೈಗೆ ಕೊಟ್ಟು ಬೀಗುವ ಹಿರಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆ ಬಣ್ಣದ ಕೆಳಗೆ ಏನಿದೆಯೆಂದು ಯಾರೂ ನೋಡಿರುವುದಿಲ್ಲವಲ್ಲ, ಅದಕ್ಕೆ ಸಿಟ್ಟು. ಹೆಣ್ಣು ನೋಡಲು ಬರುವವರದೂ ಇದೇ ಚಾಳಿ. ಅವರ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಹುಡುಗಿಗಾದರೆ ಅದು ಅವಮಾನ, ಸೈಕಲ್ಲಿಗಾದರೆ ಅಪಾಯ.

ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ತೆಳು ಟೈರು, ಮಡ್‌ಗಾರ್ಡ್ ಇಲ್ಲದ ಬಡಕಲು ಮೈ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅಟ್ಟಗಳಲ್ಲಿ ಇಂಥ ಒಂದೊಂದು ಸೈಕಲ್ ಇನ್ನೂ ಧೂಳು ತಿನ್ನುತ್ತಾ ಕೂತಿದೆ. ಶ್ರೀನಿವಾಸಪುರದ ನಮ್ಮ ಚಿಕ್ಕಪ್ಪ ಅಂಥದೊಂದನ್ನು ಕೆಳಗಿಳಿಸಿದರು, ಮೊಮ್ಮಗಳು ಕಾಲೇಜಿಗೆ ಹೋಗಲಿ ಎಂದು. “ಪೇಂಟ್ ಹೊಡೆದರೆ ಹೊಸದೇ ಸಾರ್” ಎಂದ ಸೈಕಲ್ ಶಾಪಿನವನು. “ಮೊದಲು ಫ್ರೇಮು ನೋಡೋಣ ಚಿಕ್ಕಪ್ಪ” ಎಂದೆ. “ಇದೆಲ್ಲ ನಿನಗೇನಮ್ಮಾ ಗೊತ್ತಾಗುತ್ತೆ? ಅವನು ನೋಡ್ಕೋತಾನೆ ಬಿಡು” ಎಂದರು.

ಈ ಮಾತನ್ನು ನೀವೂ ಕೇಳಿರುತ್ತೀರಿ. ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ತೊಳೆಯುವವರು ನಾವು. ಮಿಕ್ಸಿಯ ಸದ್ದು ಕೇಳಿಯೇ ಜಾರಿನ ಬುಷ್ ಹೋಗಿದೆ ಎನ್ನುವವರು ನಾವು. ಎರಡು ಚಕ್ರ, ಒಂದು ಚೈನು ಮಾತ್ರ ನಮ್ಮ ಬುದ್ಧಿಗೆ ನಿಲುಕದಂತೆ!

ಹೊಲಿಗೆ ಡಬ್ಬಿಯ ದಾರ, ಒಂದು ಸ್ಕೇಲು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತ, ಒಂದು ಟಾರ್ಚು. ಇಷ್ಟಿದ್ದರೆ ನೋಡುವ ಕೆಲಸ ಅರ್ಧ ಗಂಟೆಯದು.

ಹ್ಯಾಂಡಲ್ಲಿನ ಕೆಳಗೆ ಒಂದು ಗಿಡ್ಡ ಪೈಪಿದೆ. ಮೇಲಿನ ಬಾರೂ ಕೆಳಗಿನ ಓರೆ ಪೈಪೂ ಬಂದು ಸೇರುವುದು ಅದಕ್ಕೇ. ಸೇರುವ ಜಾಗದ ಹಿಂದೆ, ಎರಡೂ ಪೈಪುಗಳ ಅಡಿಭಾಗವನ್ನು ಬೆರಳಿನಿಂದ ಸವರಿ. ಉಬ್ಬೋ ಸುಕ್ಕೋ ಸಿಕ್ಕಿದರೆ ಆ ಸೈಕಲ್ ಎಂದೋ ಎದುರಿನಿಂದ ಗುದ್ದಿಸಿಕೊಂಡಿದೆ ಎಂದರ್ಥ. ಫೋರ್ಕನ್ನು ಪಕ್ಕದಿಂದ ನೋಡಿ. ಗಿಡ್ಡ ಪೈಪಿನ ನೇರಕ್ಕೆ ಇಳಿದು ತುದಿಯಲ್ಲಿ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ತಳ್ಳಿದಂತಿದ್ದರೆ ಪೆಟ್ಟು ತಿಂದದ್ದು.

ಹಿಂದಿನ ಚಕ್ರ ತೆಗೆದು, ಆಕ್ಸಲ್ ಕೂರುವ ಒಂದು ಕಚ್ಚಿಗೆ ದಾರ ಕಟ್ಟಿ. ಅದನ್ನು ಮುಂದಿನ ಗಿಡ್ಡ ಪೈಪಿಗೆ ಬಳಸಿ ತಂದು ಇನ್ನೊಂದು ಕಚ್ಚಿಗೆ ಬಿಗಿಯಿರಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಮೀರಿದರೆ ಫ್ರೇಮು ಸೊಟ್ಟ.

ಅಯಸ್ಕಾಂತವನ್ನು ಪೈಪುಗಳ ಉದ್ದಕ್ಕೂ ಆಡಿಸಿ. ಉಕ್ಕಿಗೆ ಅಂಟುತ್ತದೆ, ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಸೀಟು, ಹ್ಯಾಂಡಲ್ ಮೇಲೆ ಕೆಳಗೆ ಸರಿಯುತ್ತವೆಯೇ? ತುಕ್ಕು ಕಚ್ಚಿದ್ದರೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಸುತ್ತಿಗೆ ಎತ್ತಬಾರದು. ಪೆಡಲುಗಳ ಆಕ್ಸಲ್ ಇರುವ ಜಾಗ ಫ್ರೇಮಿನಲ್ಲೇ ತಗ್ಗು. ಸೀಟಿನ ಪೈಪಿನಿಂದ ಇಳಿದ ನೀರು ಅಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ಬಿಚ್ಚಿಸಿ ಟಾರ್ಚು ಬಿಡಿ. ಚೈನಿನ 24 ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಅಂಗುಲ. ಅಂಗುಲದ ಎಂಟನೇ ಒಂದು ಭಾಗ ಹೆಚ್ಚು ಬಂದರೆ ಚೈನಿನ ಜೊತೆ ಫ್ರೀವೀಲಿನ ಹಲ್ಲುಗಳೂ ಸವೆದಿವೆ ಎಂದೇ ಲೆಕ್ಕ. ಕೊನೆಗೆ ಫ್ರೇಮಿನ ನಂಬರನ್ನು ಬರೆದಿಟ್ಟುಕೊಳ್ಳಿ. ಉಜ್ಜುಕಾಗದಕ್ಕೆ ಸಿಕ್ಕಿದರೆ ಅದೂ ಹೋಗುತ್ತದೆ, ಕಂಪನಿಯ ಹಳೆಯ ಸ್ಟಿಕ್ಕರೂ ಹೋಗುತ್ತದೆ.

“ಇಷ್ಟೆಲ್ಲ ನೋಡುವುದಕ್ಕೆ ಇದೇನು ವಿಮಾನವೇ?” ಎನ್ನುವವರಿದ್ದಾರೆ. ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವ ಸೈಕಲ್ಲಿಗೂ ಇದಕ್ಕೂ ವ್ಯತ್ಯಾಸವಿದೆ. ಅದರ ಪೈಪು ದಪ್ಪ. ರೇಸಿನದು ಹಗುರವಾಗಲೆಂದೇ ತೆಳುವಾಗಿ ಎಳೆದದ್ದು. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಎಂಬ ಹೆಸರಾಂತ ಪೈಪಿನ ಗೋಡೆ ನಡುಭಾಗದಲ್ಲಿ ಒಂದು ಮಿಲಿಮೀಟರಿಗಿಂತಲೂ ತೆಳು. ಅಷ್ಟು ತೆಳುವಾದ ಪೈಪನ್ನು ತುಕ್ಕು ತಿಂದರೆ ಉಳಿಯುವುದೇನು? ಟೈರು ಹರಿದರೆ ಹೊಸದು ಹಾಕಬಹುದು. ಬಿರುಕು ಬಿಟ್ಟ ಫೋರ್ಕು ಹೇಳಿ ಕೇಳಿ ಮುರಿಯುವುದಿಲ್ಲ. ಮಾವಿನ ಕಾಲದಲ್ಲಿ ಲಾರಿಗಳು ಸಾಲುಗಟ್ಟುವ ರಸ್ತೆಯಲ್ಲಿ ಅದು ಮುರಿದರೆ ಬೀಳುವವಳು ನಮ್ಮ ಹುಡುಗಿ.

ಚಿಕ್ಕಪ್ಪನ ಸೈಕಲ್ಲಿನ ಫ್ರೇಮು ನೆಟ್ಟಗಿತ್ತು, ಫೋರ್ಕು ಹಿಂದಕ್ಕೆ ಬಾಗಿತ್ತು. ಅಳೆದು ತೋರಿಸಿದ ಮೇಲೆ ಅವರು ಮಾತಾಡಲಿಲ್ಲ. ಬಣ್ಣಕ್ಕೆಂದು ಎತ್ತಿಟ್ಟ ದುಡ್ಡು ಬೇರೆ ಫೋರ್ಕಿಗೆ ಹೋಯಿತು.

ನನ್ನ ಜಗಳ ಒಂದು ಅಂಗಡಿಯ ಜೊತೆಗಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಬಾರ್ ಇರುವ ಗಂಡಸರ ಸೈಕಲ್ಲನ್ನೇ ಹತ್ತಿದರು, ಆ ಬಾರಿನ ಮೇಲೆ ಮಗುವನ್ನೂ ಕೂರಿಸಿಕೊಂಡರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಕೊರೋನಾ ಬಂದಾಗ ಆ ಯೋಜನೆ ನಿಂತಿತಾದರೂ ಅಷ್ಟರಲ್ಲಿ ನಮ್ಮ ಹುಡುಗಿಯರು ಊರೂರಲ್ಲಿ ಸವಾರಿ ಕಲಿತಾಗಿತ್ತು. ಅವರಲ್ಲಿ ಚಕ್ರ ಬಿಚ್ಚಲು ಕಲಿತವರೆಷ್ಟು ಮಂದಿ? ಪೆಡಲು ತುಳಿಯಲು ಬಿಟ್ಟವರು ಸ್ಪ್ಯಾನರನ್ನು ಮಾತ್ರ ಅಣ್ಣನ ಕೈಯಲ್ಲೇ ಉಳಿಸಿದರು.

ಅದನ್ನು ಕೇಳಿ ಪಡೆಯಬೇಕು. ನಿಮ್ಮ ಮನೆಯ ಅಟ್ಟದಿಂದಲೂ ಒಂದು ಸೈಕಲ್ ಇಳಿದರೆ, ಯಾವ ಬಣ್ಣ ಬೇಕೆಂದು ಮಗಳನ್ನು ಕೇಳುವ ಮೊದಲು ಅವಳ ಕೈಗೆ ದಾರದ ಒಂದು ತುದಿ ಕೊಡಿ. ಇನ್ನೊಂದು ತುದಿ ನೀವು ಹಿಡಿಯಿರಿ.