ದೂರದರ್ಶನ ನಿರ್ದೇಶಕನ ಪೂರ್ವರಂಗ

ಭರತಮುನಿಯ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ವರಂಗವಿಧಾನಕ್ಕೆ ಮೀಸಲಾಗಿದೆ. ನಾಟಕವು ಆರಂಭವಾಗುವುದಕ್ಕೆ ಮೊದಲು ನಡೆಯತಕ್ಕ ಕ್ರಿಯೆಗಳನ್ನು ಮುನಿಯು ಅಲ್ಲಿ ಒಂದೊಂದಾಗಿ ಹೆಸರಿಸುತ್ತಾನೆ. ವಾದ್ಯಗಳನ್ನು ಅವುಗಳ ಸ್ಥಾನದಲ್ಲಿ ಇರಿಸುವುದು ಪ್ರತ್ಯಾಹಾರ. ಗಾಯಕರು ಬಂದು ಕುಳಿತುಕೊಳ್ಳುವುದು ಅವತರಣ. ಇಂತಹ ಮೊದಲ ಒಂಬತ್ತು ಅಂಗಗಳು ಯವನಿಕೆಯ ಹಿಂದೆ, ಎಂದರೆ ಪ್ರೇಕ್ಷಕನ ಕಣ್ಣಿಗೆ ಬೀಳದಂತೆ ನಡೆಯತಕ್ಕವು. ಕಾಣದ ಸಿದ್ಧತೆಯಲ್ಲಿ ಕೊರತೆಯಾದರೆ ಕಾಣುವ ನಾಟಕವು ಸೊರಗುತ್ತದೆ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಎಂದೋ ಇದ್ದಿತು.

ಈ ಪ್ರಾಚೀನ ವಿಷಯವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ನಮ್ಮ ಶಾಲೆಯ ಮಕ್ಕಳಿಂದಲೇ ನಾಲ್ಕುನಾಡು ಅರಮನೆಯ ಕುರಿತು ಒಂದು ಕಿರುಧಾರಾವಾಹಿಯನ್ನು ಮಾಡಿಸಬೇಕೆಂಬ ಸೂಚನೆಯು ಹಳೆಯ ವಿದ್ಯಾರ್ಥಿಗಳಿಂದ ಬಂದಿದೆ. ಕ್ಯಾಮೆರಾ ಮೊದಲಾದ ಸಲಕರಣೆಗಳನ್ನು ಕೊಡಿಸಲು ಉದಾರಿಗಳಾದ ದಾನಿಗಳೂ ಮುಂದೆ ಬಂದಿದ್ದಾರೆ. ಸೂಚನೆಯು ಸರ್ವಥಾ ಸ್ವಾಗತಾರ್ಹ. ಆದರೆ ಅದರೊಡನೆಯೇ ‘ಸಲಕರಣೆ ಬಂದರೆ ಎರಡು ದಿನಗಳಲ್ಲಿ ಕೆಲಸ ಮುಗಿಯಿತು’ ಎಂಬ ಮಾತೂ ಕೇಳಿಬಂದಿದೆ. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ಚಿತ್ರೀಕರಣವೆಂಬುದು ಕುಯ್ಲು ಮಾತ್ರ. ಉಳುಮೆ, ನಾಟಿ, ಕಳೆ ಕೀಳುವುದು ಎಲ್ಲವೂ ಅದಕ್ಕೆ ಮುಂಚೆಯೇ ಆಗಿರಬೇಕು. ಇದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕನ್ನಡಿಗರಿಗೆ ಹೆಮ್ಮೆಯ ನಿದರ್ಶನವೊಂದನ್ನು ಮೊದಲು ನೋಡೋಣ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು 1986ರಿಂದ ದೂರದರ್ಶನದಲ್ಲಿ ಪ್ರಸಾರವಾಯಿತು. ನಿರ್ಮಾಪಕರು ಟಿ.ಎಸ್. ನರಸಿಂಹನ್. ಮಾಲ್ಗುಡಿಯು ಯಾವ ಭೂಪಟದಲ್ಲಿಯೂ ಇಲ್ಲದ ಊರು. ಸರಯೂ ನದಿ, ಮಾರ್ಕೆಟ್ ರಸ್ತೆ, ಆಲ್ಬರ್ಟ್ ಮಿಷನ್ ಶಾಲೆ, ಇವೆಲ್ಲ ಲೇಖಕರ ಮನಸ್ಸಿನಲ್ಲಿ ಹುಟ್ಟಿ ಓದುಗರ ಮನಸ್ಸಿನಲ್ಲಿ ಬೆಳೆದಂಥವು. ಆದುದರಿಂದ ನಿರ್ದೇಶಕನ ಮೊದಲ ಸಿದ್ಧತೆಯು ಇಲ್ಲದ ಊರನ್ನು ಇರುವ ನಾಡಿನಲ್ಲಿ ಹುಡುಕುವುದಾಯಿತು. ನಾರಾಯಣ್ ಅವರು ಬಹುಕಾಲ ವಾಸಿಸಿದ್ದು ಮೈಸೂರಿನಲ್ಲಿ. ಆದರೂ ಶಂಕರನಾಗ್ ಅವರು ಆರಿಸಿಕೊಂಡದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯು ಪ್ರಕಟವಾದದ್ದು 1935ರಲ್ಲಿ. ಆ ಕಾಲವನ್ನು ಕೃತಕವೆನಿಸದಂತೆ ತೋರಿಸಬಲ್ಲ ಬೀದಿ, ಹೆಂಚಿನ ಮಾಡು, ಜಗಲಿ ಎಲ್ಲಿವೆ ಎಂದು ಅವರು ಕೇಳಿಕೊಂಡಿರಬೇಕೆಂದು ನನಗೆ ತೋರುತ್ತದೆ. ಆಗುಂಬೆಯ ದೊಡ್ಡಮನೆಯು ಸ್ವಾಮಿಯ ಮನೆಯಾಯಿತು. ರೈಲಿನ ದೃಶ್ಯಗಳಿಗೆ ಒದಗಿದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವು 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ಆಯಿತು.

ಊರು ದೊರೆತ ಮಾತ್ರಕ್ಕೆ ಸಿದ್ಧತೆಯು ಮುಗಿಯಲಿಲ್ಲ. ಕಲಾ ನಿರ್ದೇಶಕ ಜಾನ್ ದೇವರಾಜ್ ಅವರು ಕಥೆಯಲ್ಲಿ ಬರುವ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ಆಗುಂಬೆಯಲ್ಲಿ ನಿಲ್ಲಿಸಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಇಷ್ಟು ಮಂದಿ ಬೇರೆ ಬೇರೆ ವಿದ್ಯೆಯವರು ಒಂದೇ ಊರನ್ನು ಕಲ್ಪಿಸಿಕೊಳ್ಳಬೇಕಾದರೆ, ಮೊದಲು ಆ ಊರು ನಿರ್ದೇಶಕನ ಮನಸ್ಸಿನಲ್ಲಿ ಸ್ಪಷ್ಟವಾಗಿ ನಿಂತಿರಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸ್ಥಳದಲ್ಲಿ, ಯಾವ ದಿನ ಯಾವ ದೃಶ್ಯವೆಂಬ ನಿಶ್ಚಯವಿಲ್ಲದೆ ಹೋದವನು ಮಾಡಿನ ಕೆಳಗೆ ಕುಳಿತು ಮಳೆಯನ್ನು ನೋಡಬೇಕಾಗುತ್ತದೆ.

ಒಂದು ಕಂತಿನ ಸಿದ್ಧತೆಯ ಕ್ರಮವನ್ನು ನಮ್ಮ ವಿದ್ಯೆಯ ಮಾತಿನಲ್ಲಿಯೇ ಹೇಳಬಹುದು. ಗಮಕಿಯು ಕುಮಾರವ್ಯಾಸನ ಷಟ್ಪದಿಯನ್ನು ಸಭೆಯಲ್ಲಿ ಓದುವುದಕ್ಕೆ ಮುನ್ನ ಪದಚ್ಛೇದ ಮಾಡಿ, ಅನ್ವಯ ಕೂಡಿಸಿ, ತಾತ್ಪರ್ಯವನ್ನು ಗ್ರಹಿಸಿರುತ್ತಾನೆ. ನಿರ್ದೇಶಕನು ಮಾಡುವುದೂ ಇದನ್ನೇ. ಚಿತ್ರಕಥೆಯನ್ನು ಓದಿ, ಕಂತು ಮುಗಿದಾಗ ಪ್ರೇಕ್ಷಕನ ಮನಸ್ಸಿನಲ್ಲಿ ಏನು ಉಳಿಯಬೇಕೆಂಬುದನ್ನು ಅವನು ಮೊದಲು ನಿಶ್ಚಯಿಸುತ್ತಾನೆ, ಇದು ತಾತ್ಪರ್ಯ. ಬಳಿಕ ದೃಶ್ಯಗಳನ್ನು ಬಿಡಿಸಿ, ಹಗಲೋ ರಾತ್ರಿಯೋ, ಒಳಗೋ ಹೊರಗೋ, ಪಾತ್ರಗಳು ಯಾರು, ಬೇಕಾದ ಉಡುಗೆ ಯಾವುದು, ಪಾತ್ರೆ ಪರಡಿ, ಎತ್ತು ಗಾಡಿ ಏನೇನು ಎಂದು ಪಟ್ಟಿ ಮಾಡುತ್ತಾನೆ; ಇದು ಪದಚ್ಛೇದ. ಪದ್ಯದಲ್ಲಿ ದೂರದೂರ ನಿಂತ ಪದಗಳನ್ನು ಅನ್ವಯದಲ್ಲಿ ಹತ್ತಿರ ತರುವಂತೆ, ಕಥೆಯಲ್ಲಿ ಮೂರನೆಯದಾಗಿಯೂ ಹನ್ನೊಂದನೆಯದಾಗಿಯೂ ಬರುವ ಜಗಲಿಯ ದೃಶ್ಯಗಳನ್ನು ಒಂದೇ ದಿನಕ್ಕೆ ಜೋಡಿಸುತ್ತಾನೆ. ಇದರ ಫಲವಾಗಿ ನಟನು ಜಗಳವಾಡುವುದಕ್ಕೆ ಮೊದಲೇ ಜಗಳದ ಪಶ್ಚಾತ್ತಾಪವನ್ನು ಅಭಿನಯಿಸಬೇಕಾಗುತ್ತದೆ. ಚೊಂಬು ಯಾವ ಕೈಯಲ್ಲಿತ್ತು, ತಲೆಗೂದಲು ಒದ್ದೆಯಾಗಿತ್ತೋ ಒಣಗಿತ್ತೋ ಎಂಬುದನ್ನು ಸಹಾಯಕನು ಬರೆದಿಟ್ಟುಕೊಳ್ಳದಿದ್ದರೆ ಅನ್ವಯವು ಕೆಟ್ಟು ಅರ್ಥವೂ ಕೆಡುತ್ತದೆ. ಕೊನೆಗೆ ಛಾಯಾಗ್ರಾಹಕನೊಡನೆ ಆ ಸ್ಥಳಕ್ಕೆ, ಚಿತ್ರೀಕರಣ ನಡೆಯಬೇಕಾದ ಹೊತ್ತಿನಲ್ಲಿಯೇ ಹೋಗಿ, ಬೆಳಕು ಎಲ್ಲಿಂದ ಬೀಳುತ್ತದೆ, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನು ನೋಡಿಬರುತ್ತಾನೆ.

ಈ ಕ್ರಮಕ್ಕೆ ಅವಕಾಶವಿಲ್ಲದಾಗ ಏನಾಗುವುದೆಂಬುದನ್ನು ದಿನನಿತ್ಯವೂ ಕಾಣುತ್ತಿದ್ದೇವೆ. ವಾರಕ್ಕೆ ಐದಾರು ಕಂತುಗಳನ್ನು ತುಂಬಿಸಬೇಕಾದ ಧಾರಾವಾಹಿಗಳಲ್ಲಿ ಸಂಭಾಷಣೆಯ ಹಾಳೆಯು ಚಿತ್ರೀಕರಣದ ಬೆಳಗ್ಗೆ ನಟರ ಕೈ ಸೇರುವುದುಂಟು. ಅದೇ ಮನೆ, ಅದೇ ಮೆಟ್ಟಿಲು, ಬೆಚ್ಚಿದ ಒಂದೇ ಮುಖವನ್ನು ಮೂರು ಬಾರಿ ತೋರಿಸುವ ಪದ್ಧತಿ ಹುಟ್ಟಿದ್ದು ಹೀಗೆ. ಇದನ್ನು ನಿರ್ದೇಶಕರ ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. ಅವರಿಗೆ ಸಲಕರಣೆಗಳನ್ನು ಕೊಟ್ಟಿದ್ದಾರೆ; ಕಾಲವನ್ನು ಕೊಟ್ಟಿಲ್ಲ.

ಇನ್ನು ನಮ್ಮ ಕಾರ್ಯಕ್ಕೆ ಬರೋಣ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಟ್ಟಿಸಿದನು. ಹಾಲೇರಿ ವಂಶದ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು 1834ರ ಏಪ್ರಿಲ್ ತಿಂಗಳಿನಲ್ಲಿ, ಇಂಗ್ಲಿಷರಿಗೆ ಶರಣಾಗುವುದಕ್ಕೆ ಮುಂಚೆ, ಇಲ್ಲಿಯೇ ಆಶ್ರಯ ಪಡೆದಿದ್ದನು. ಈ ಕಡೆಯ ದಿನಗಳನ್ನು ಒಂದು ಕಂತಾಗಿ ಮಾಡುವುದಾದರೆ ನಮ್ಮ ಬಾಲ ನಿರ್ದೇಶಕನು ಏನೇನು ವಿಚಾರಿಸಬೇಕು?

ಮೊದಲನೆಯದು, ಓದು. ಹಾಲೇರಿ ಅರಸರ ಚರಿತ್ರೆಯನ್ನು ಹೇಳುವ ಕನ್ನಡ ಗದ್ಯಗ್ರಂಥ ‘ರಾಜೇಂದ್ರನಾಮೆ’ ದೊಡ್ಡವೀರರಾಜೇಂದ್ರನ ಕಾಲದ್ದು. ಅದು 1834ರವರೆಗೆ ಬರುವುದಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವು ಮಹತ್ಕೃತಿಯೇ ಹೌದು, ಆದರೆ ಕಾದಂಬರಿ. ಇಂಗ್ಲಿಷ್ ಅಧಿಕಾರಿಗಳ ಬರಹಗಳು ಗೆದ್ದವರ ಬರಹಗಳು. ಯಾವುದರಿಂದ ಏನನ್ನು, ಎಷ್ಟನ್ನು ಸ್ವೀಕರಿಸಬೇಕೆಂಬ ವಿವೇಕವು ಮಗುವಿನಲ್ಲಿ ಮೂಡಿದರೆ, ಚಿತ್ರವು ತಯಾರಾಗದಿದ್ದರೂ ವಿದ್ಯೆಯು ಫಲಿಸಿದಂತೆಯೇ.

ಎರಡನೆಯದು, ನೋಟ. ಅರಮನೆಯ ಸುತ್ತಣ ತೋಟಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಸಿಲ್ವರ್ ಮರವು ಆಸ್ಟ್ರೇಲಿಯದಿಂದ ಬಂದದ್ದು. ಕೊಡಗಿನಲ್ಲಿ ಐರೋಪ್ಯರ ಕಾಫಿ ತೋಟಗಳು ಆರಂಭವಾದದ್ದು 1850ರ ದಶಕದಲ್ಲಿ. ಇವು 1834ರ ಅರಸನ ಬೆನ್ನ ಹಿಂದೆ ಕಾಣಿಸಿಕೊಂಡರೆ ಕಥೆಯೇ ಸುಳ್ಳಾಗುತ್ತದೆ. ಏಪ್ರಿಲ್ ತಿಂಗಳ ಘಟನೆಗೆ ಹಸಿರು ಗದ್ದೆಯನ್ನು ತೋರಿಸುವಂತೆಯೂ ಇಲ್ಲ. ಕುಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆಯೇ ಚಿತ್ರೀಕರಣವಾಗಬೇಕು.

ಮೂರನೆಯದು, ನುಡಿ ಮತ್ತು ಉಡುಗೆ. ಅರಸರು ಲಿಂಗಾಯತರು, ಅವರ ಆಡಳಿತದ ಭಾಷೆ ಕನ್ನಡ. ಅವರ ಸುತ್ತಲಿದ್ದ ಕೊಡವ ದಿವಾನರು ಮನೆಯಲ್ಲಿ ಆಡಿದ್ದು ಕೊಡವ ತಕ್ಕ್. ಎಲ್ಲರ ಬಾಯಲ್ಲಿಯೂ ಪಠ್ಯಪುಸ್ತಕದ ಕನ್ನಡವನ್ನೇ ಹಾಕುವುದು ಅಸಹಜ. ಎಲ್ಲರಿಗೂ ಕುಪ್ಯಚೇಲೆಯನ್ನೇ ತೊಡಿಸುವುದೂ ಅವಿಚಾರ. ಯಾರು ಯಾರೊಡನೆ ಯಾವ ನುಡಿಯಲ್ಲಿ ಮಾತನಾಡಿದರು, ಏನನ್ನು ಧರಿಸಿದರು ಎಂಬುದನ್ನು ಹಳೆಯ ಚಿತ್ರಪಟಗಳಿಂದಲೂ ನಮ್ಮ ಐನ್‌ಮನೆಗಳ ಹಿರಿಯರಿಂದಲೂ ಕೇಳಿ ತಿಳಿಯಬೇಕು. ಅವರ ಮುಂದೆ ಹೋಗಿ ಕುಳಿತು, ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳುವುದೇ ಒಂದು ಶಿಕ್ಷಣ.

‘ಇಂದಿನ ಕ್ಯಾಮೆರಾದಲ್ಲಿ ಎಷ್ಟು ಬಾರಿಯಾದರೂ ತೆಗೆಯಬಹುದು, ಫಿಲ್ಮ್ ಸುರುಳಿಯ ಖರ್ಚಿಲ್ಲ, ಮೊದಲು ತೆಗೆದು ಆಮೇಲೆ ಕತ್ತರಿಸಿದರಾಗದೆ?’ ಎಂದು ಕೆಲವರು ಕೇಳಬಹುದು. ಸುರುಳಿಯ ಖರ್ಚು ಉಳಿದಿದೆ, ನಿಜ. ಇಪ್ಪತ್ತು ಮಕ್ಕಳ ಒಂದು ದಿನದ ಬೆಲೆಯು ಇಳಿದಿಲ್ಲ. ಏನನ್ನು ಹುಡುಕುತ್ತಿದ್ದೇವೆಂದು ತಿಳಿಯದೆ ನೂರು ಬಾರಿ ತೆಗೆದರೂ ಕತ್ತರಿಸುವವನ ಮುಂದೆ ರಾಶಿ ಬೀಳುವುದು ಜೊಳ್ಳೇ. ‘ಅತಿಯಾದ ಸಿದ್ಧತೆಯಿಂದ ಸಹಜತೆ ಹೋಗುತ್ತದೆ’ ಎಂಬ ಆಕ್ಷೇಪಣೆಗೆ ಬಾಲಕ ಸ್ವಾಮಿಯ ಅಭಿನಯವೇ ಉತ್ತರ. ಸುತ್ತಣ ಊರೆಲ್ಲ ಸಿದ್ಧವಾಗಿದ್ದುದರಿಂದಲೇ ಆ ಹುಡುಗನು ಹುಡುಗನಾಗಿಯೇ ಇರುವುದು ಸಾಧ್ಯವಾಯಿತು. ‘ಪರೀಕ್ಷೆಯ ಓದಿಗೆ ಅಡ್ಡಿ’ ಎನ್ನುವ ಪೋಷಕರಿಗೆ ನನ್ನ ಬಿನ್ನಹವಿಷ್ಟೇ: ಆಕರವನ್ನು ಅಳೆಯುವುದು, ವಿಷಯವನ್ನು ಬಿಡಿಸುವುದು, ಕಾಲವನ್ನು ಹಂಚುವುದು, ಹಿರಿಯರನ್ನು ಕೇಳುವುದು, ಇವು ಓದಿಗೆ ಹೊರತಾದವುಗಳಲ್ಲ.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಉಪಾಧ್ಯಾಯ ಮಿತ್ರರಲ್ಲಿಯೂ ನನ್ನ ಸವಿನಯ ಸಲಹೆ ಹೀಗಿದೆ. ಕ್ಯಾಮೆರಾ ಬರಲಿ, ಒಂದಾದರೂ ಸಾಕು. ಉಳಿದ ಧನವು ಗ್ರಂಥಾಲಯದಲ್ಲಿ ಕೊಡಗಿನ ಚರಿತ್ರೆಯ ಒಂದು ಕಪಾಟಿಗೆ, ಮಕ್ಕಳನ್ನು ಅರಮನೆಗೂ ಐನ್‌ಮನೆಗಳಿಗೂ ಕರೆದೊಯ್ಯುವ ವಾಹನಕ್ಕೆ, ಈ ವಿದ್ಯೆಯನ್ನು ಬಲ್ಲವರೊಬ್ಬರ ಗೌರವಧನಕ್ಕೆ ವಿನಿಯೋಗವಾಗಲಿ. ಆಡಳಿತ ಮಂಡಳಿಯು ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿಯನ್ನು ಇದಕ್ಕೆ ಕೊಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡಲಾಗದಷ್ಟು ಮಳೆ. ಅದೇ ಓದಿನ ಕಾಲ, ಬರಹದ ಕಾಲ, ಪಟ್ಟಿ ಮಾಡುವ ಕಾಲ. ಮಳೆ ಬಿಟ್ಟ ಮೇಲೆ ಸ್ಥಳ ನೋಡುವುದು, ಅನುಮತಿ ಪಡೆಯುವುದು, ಅಭ್ಯಾಸ ಮಾಡುವುದು. ಪುತ್ತರಿ ಕಳೆದು ಗದ್ದೆಗಳು ಒಣಗಿದ ಜನವರಿಯಲ್ಲಿ ಚಿತ್ರೀಕರಣ. ಆಗ ಅದು ನಿಜವಾಗಿಯೂ ಎರಡೇ ದಿನಗಳಲ್ಲಿ ಮುಗಿಯಬಹುದು. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಸಲಕರಣೆಯನ್ನು ಕೊಡಲು ಮುಂದಾದ ಸಹೃದಯರು ಅದರೊಡನೆ ಒಂದು ಮಳೆಗಾಲವನ್ನೂ ನಮ್ಮ ಮಕ್ಕಳಿಗೆ ಕೊಡಲಿ ಎಂಬುದೇ ನನ್ನ ಪ್ರಾರ್ಥನೆ.